ಮಣಿಕಟ್ಟು ಏಳುತ್ತಿಲ್ಲ: ನರಕ್ಕೆ ಪೆಟ್ಟಾದ ಮೇಲೆ ಮತ್ತೆ ತೂಕ ಎತ್ತಿದವರು ಯಾರಾದರೂ ಇದ್ದೀರಾ?

ತುಂಗಾತೀರ · ನವೆಂಬರ್ 22

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವನು, ವಯಸ್ಸು 34. ಜೂನ್ ಕೊನೆಯಲ್ಲಿ ಜಿಟಿಜಿಟಿ ಮಳೆಯಲ್ಲಿ ಬೈಕ್ ಜಾರಿ ಬಿದ್ದೆ. ಬಲ ತೋಳಿನ ಮೂಳೆ ನಡುವಿಗೇ ಮುರಿಯಿತು. ಮೂಳೆ ಮಾತ್ರ ಅಲ್ಲ ಅಂತ ಬಿದ್ದಲ್ಲೇ ಗೊತ್ತಾಯಿತು. ಅಂಗೈ ಕೆಳಗೆ ಮಾಡಿ ಕೈ ಚಾಚಿದರೆ ಬೆಂಕಿಗೆ ಹಿಡಿದ ಬಾಳೆ ಎಲೆಯ ಹಾಗೆ ಜೋತು ಬೀಳುತ್ತಿತ್ತು. ಬೆರಳು ಮಡಚಬಹುದು, ಬಿಡಿಸಲು ಆಗದು.

ಪ್ಲೇಟ್ ಹಾಕಿದರು. ಮಣಿಕಟ್ಟು, ಬೆರಳು ಎತ್ತಿಸುವ ರೇಡಿಯಲ್ ನರ ತುಂಡಾಗಿಲ್ಲ, ಜಜ್ಜಿದೆ, ಕಾಯೋಣ ಅಂದರು. ಮೂರೂವರೆ ತಿಂಗಳವರೆಗೆ ಏನೂ ಇಲ್ಲ. ಆಮೇಲೆ ಒಂದು ಬೆಳಗ್ಗೆ ಕಾಫಿ ಲೋಟ ಎತ್ತುವಾಗ ಮೊಣಕೈ ಹತ್ತಿರ ಮುಂಗೈ ಮಾಂಸ ಸಣ್ಣಗೆ ಅದುರಿತು. ಈಗ ಐದು ತಿಂಗಳು. ಮಣಿಕಟ್ಟು ನಿಧಾನಕ್ಕೆ ಏಳುತ್ತದೆ, ಆದರೆ ನಾಲ್ಕೈದು ಸಲಕ್ಕೆ ಸುಸ್ತು. ಬೆರಳು, ಹೆಬ್ಬೆರಳು ಇನ್ನೂ ಇಲ್ಲ.

ಹೋದ ವಾರ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಕೂಡಿದೆ, ಜಿಮ್‌ಗೆ ಹೋಗಬಹುದು ಅಂದರು. ಎಷ್ಟು, ಹೇಗೆ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು.

ಮೊದಲು ಡೆಡ್‌ಲಿಫ್ಟ್ 140 ಕೆಜಿ ಎತ್ತುತ್ತಿದ್ದೆ (ನೆಲದಿಂದ ಬಾರ್ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಬಾರ್ ಮೇಲಕ್ಕೆ ತಳ್ಳುವುದು) 85 ಕೆಜಿ. ಜಿಮ್ ಟ್ರೈನರ್ "ಅರ್ಧ ತೂಕದಿಂದ ಶುರು ಮಾಡಿ ಸಾರ್" ಅಂದ. ಮೊನ್ನೆ ಸುಮ್ನೆ 10 ಕೆಜಿ ಡಂಬೆಲ್ ಎತ್ತಲು ಹೋದೆ. ಮುಷ್ಟಿ ಬಿಗಿ ಮಾಡಿದ ಕೂಡಲೇ ಮಣಿಕಟ್ಟು ಒಳಗೆ ಮಡಚಿಕೊಂಡಿತು, ಡಂಬೆಲ್ ಕಾಲ ಪಕ್ಕ ಬಿತ್ತು. ಮಡಚುವ ನರಕ್ಕೆ ಏನೂ ಆಗಿಲ್ಲ ಅಂತಾರೆ. ಹಾಗಾದರೆ ಹಿಡಿತ ಯಾಕೆ ಹೋಯಿತು?

(ತಪ್ಪಿದ್ದರೆ ಕ್ಷಮಿಸಿ, ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಯಾರ ಪೋಸ್ಟ್‌ಗೂ ಹೆಬ್ಬೆರಳು ಎತ್ತಿ ತೋರಿಸುವ ಸ್ಥಿತಿಯಲ್ಲಿಲ್ಲ!)

ಕಬ್ಬಿಣದ ಕಡಲೆ · ನವೆಂಬರ್ 22

ಗುರು, ಧೈರ್ಯ ಬಿಡಬೇಡ. ಒಮ್ಮೆ ಕಟ್ಟಿದ ದೇಹ ಬೇಗ ವಾಪಸ್ ಬರುತ್ತದೆ. ನನಗೆ ಡೆಂಗ್ಯೂ ಆಗಿ ಮೂರು ತಿಂಗಳು ಬಿಟ್ಟಿದ್ದೆ, ಆರು ವಾರದಲ್ಲಿ ಹಳೆಯ ತೂಕಕ್ಕೆ ಬಂದೆ. ಪ್ರೋಟೀನ್ ಜಾಸ್ತಿ ಮಾಡು, ವಾರಕ್ಕೆ ಎರಡೂವರೆ ಕೆಜಿ ಏರಿಸು. ಹಿಡಿತಕ್ಕೆ ಹ್ಯಾಂಡ್ ಗ್ರಿಪ್ಪರ್ ತಗೊಂಡು ದಿನಕ್ಕೆ ನೂರು ಸಲ ಒತ್ತು. ಟಿವಿ ನೋಡುತ್ತಲೇ ಮಾಡಬಹುದು.

ನರನಾಡಿ · ನವೆಂಬರ್ 23

ನಾನು ಫಿಸಿಯೋ, ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ. ನಿಮ್ಮ ಕೈ ನಾನು ನೋಡಿಲ್ಲ, ಆದ್ದರಿಂದ ಇದು ಚಿಕಿತ್ಸೆ ಅಲ್ಲ, ವಿಷಯ ಅಷ್ಟೇ.

ಮೊದಲು ನಿಮ್ಮ ಪ್ರಶ್ನೆ. ಓದುತ್ತಿರುವವರೆಲ್ಲ ಈಗಲೇ ಮಾಡಿ ನೋಡಿ. ಮಣಿಕಟ್ಟನ್ನು ಪೂರ್ತಿ ಒಳಗೆ ಬಗ್ಗಿಸಿ, ಹಾಗೆಯೇ ಮುಷ್ಟಿ ಬಿಗಿ ಮಾಡಿ. ಆಗಲ್ಲ ಅಲ್ವಾ? ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಮುಷ್ಟಿ ಕಟ್ಟಿ. ಬೆರಳು ಮಡಚುವ ಸ್ನಾಯುಗಳ ಹಗ್ಗಗಳು ಮಣಿಕಟ್ಟನ್ನು ದಾಟಿಯೇ ಹೋಗಬೇಕು. ಅವು ಎಳೆದಾಗ ಬೆರಳಿನ ಜೊತೆ ಮಣಿಕಟ್ಟೂ ಒಳಗೆ ಬಾಗುತ್ತದೆ. ಹಿಂದಿನಿಂದ ಯಾರಾದರೂ ಅದನ್ನು ಎತ್ತಿ ಹಿಡಿಯಬೇಕು. ಆ ಕೆಲಸ ರೇಡಿಯಲ್ ನರದ್ದು. ಹಾಗಾಗಿ ಹಿಡಿಯುವ ಸ್ನಾಯು ಗಟ್ಟಿ ಇದ್ದರೂ ಹಿಡಿತ ಇರುವುದಿಲ್ಲ.

ಗ್ರಿಪ್ಪರ್ ಸಲಹೆಗೆ ಇದೇ ಉತ್ತರ. ಈಗ ನೂರು ಸಲ ಒತ್ತಿದರೆ ಮೊದಲೇ ಗಟ್ಟಿ ಇರುವ ಕಡೆಯೇ ಇನ್ನಷ್ಟು ಗಟ್ಟಿಯಾಗುತ್ತದೆ, ಏಳಬೇಕಾದ ಕಡೆ ಸೋಲುತ್ತದೆ.

ಇನ್ನು ಕ್ಯಾಲೆಂಡರ್. ನರದ ಪೆಟ್ಟಿನಲ್ಲಿ ಮೂರು ಬಗೆ ಅಂತ ಸೆಡ್ಡನ್ ಎಂಬ ಬ್ರಿಟಿಷ್ ಸರ್ಜನ್ 1943ರಲ್ಲಿ ವಿಂಗಡಿಸಿದರು. ಇವತ್ತಿಗೂ ಅದನ್ನೇ ಬಳಸುತ್ತೇವೆ. ಒಂದು, ನರ ಸುಮ್ನೆ ಜೋಮು ಹಿಡಿದ ಹಾಗೆ ಆಗಿ ದಿನಗಳಲ್ಲೋ ವಾರಗಳಲ್ಲೋ ವಾಪಸ್ ಬರುವುದು. ಎರಡು, ಹೊರಗಿನ ಕೊಳವೆ ಉಳಿದು ಒಳಗಿನ ಎಳೆ ಸತ್ತು, ಮತ್ತೆ ಬೆಳೆದುಕೊಂಡು ಬರುವುದು. ಮೂರು, ಪೂರ್ತಿ ತುಂಡಾಗುವುದು. ಮೂರೂವರೆ ತಿಂಗಳಿಗೆ ಮೊದಲ ಅದುರು ಬಂದಿದೆ ಅಂದರೆ ನಿಮ್ಮದು ಎರಡನೆಯದರ ಹಾಗೆ ಕಾಣುತ್ತದೆ. ಬೆಳೆಯುವ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಹೋಗುತ್ತದೆ, ತಿಂಗಳಿಗೆ ಹೆಚ್ಚು ಕಡಿಮೆ ಒಂದು ಇಂಚು.

ಶಿವಮೊಗ್ಗದವರಾದ್ದರಿಂದ ಹೀಗೆ ಹೇಳುತ್ತೇನೆ. ನರ ಅಂದರೆ ತೀರ್ಥಹಳ್ಳಿ ಬಸ್ಸು. ಗಾಜನೂರು, ಮಂಡಗದ್ದೆ, ಆಮೇಲೆ ತೀರ್ಥಹಳ್ಳಿ. ಮೊದಲ ಸ್ಟಾಪ್ ಮೊಣಕೈ ಹತ್ತಿರದ ಮುಂಗೈ ಸ್ನಾಯು, ನೀವು ಕಂಡ ಅದುರು ಅದೇ. ಆಮೇಲೆ ಮಣಿಕಟ್ಟು. ಆಮೇಲೆ ಬೆರಳು. ಕೊನೆಗೆ ಹೆಬ್ಬೆರಳು. ಡ್ರೈವರ್‌ಗೆ ಬೈದರೂ ಬಸ್ಸು ಬೇಗ ಹೋಗುವುದಿಲ್ಲ. ಬಸ್ಸು ತಲುಪದ ಊರಿನಲ್ಲಿ ನೀವು ಎಷ್ಟು ತೂಕ ಇಟ್ಟರೂ ಇಳಿಸಿಕೊಳ್ಳಲು ಜನ ಇಲ್ಲ.

ಕಬ್ಬಿಣದ ಕಡಲೆ · ನವೆಂಬರ್ 23

ಮೇಡಂ, ಮಾಡಿ ನೋಡಿದೆ. ಮುಷ್ಟಿ ನಿಜಕ್ಕೂ ಬರಲಿಲ್ಲ. ಗ್ರಿಪ್ಪರ್ ಮಾತು ವಾಪಸ್ ತಗೊಂಡೆ. ಆದರೆ ಪ್ರೋಟೀನ್ ವಾಪಸ್ ತಗೊಳ್ಳಲ್ಲ 😄

ಗುರು, ಇನ್ನೊಂದು ಮಾತು. ಕೈ ನೆಪ ಹೇಳಿ ಕಾಲು ಬಿಡಬೇಡ. ಲೆಗ್ ಪ್ರೆಸ್, ಲೆಗ್ ಕರ್ಲ್, ಕಾಫ್ ಯಾವುದಕ್ಕೂ ಹಿಡಿತ ಬೇಡ. ಐದು ತಿಂಗಳಲ್ಲಿ ಕಾಲೂ ಕರಗಿದ್ದರೆ ಅದಕ್ಕೆ ನರ ಕಾರಣ ಅಲ್ಲ.

ತುಂಗಾತೀರ · ನವೆಂಬರ್ 23

ಕರಗಿದೆ 🙈

ಬಸ್ಸಿನ ಲೆಕ್ಕ ಚೆನ್ನಾಗಿದೆ ಮೇಡಂ. ನಾನು ಬಿದ್ದಿದ್ದೂ ಅದೇ ರಸ್ತೆಯಲ್ಲಿ!

ಎರಡು ಸಂದೇಹ. ಒಂದು, ನರದ ಟೆಸ್ಟ್ ಎರಡು ಸಲ ಮಾಡಿಸಿದ್ದಾರೆ. ಬಿದ್ದ ಐದನೇ ದಿನ ಒಂದು ಲ್ಯಾಬ್‌ನಲ್ಲಿ, ಒಂದು ತಿಂಗಳಿಗೆ ಬೇರೆ ಕಡೆ. ಮೊದಲನೆಯದರಲ್ಲಿ ಏನೂ ಸ್ಪಷ್ಟ ಇಲ್ಲ ಅಂತ ಬಂತು. ದುಡ್ಡು ದಂಡವಾ? ಎರಡು, ಒಂದು ಕೈಗೆ ಮಾತ್ರ ಎಕ್ಸರ್‌ಸೈಜ್ ಮಾಡಿದರೆ ದೇಹ ಸೊಟ್ಟ ಆಗಲ್ವಾ?

ನರನಾಡಿ · ನವೆಂಬರ್ 24

ಟೆಸ್ಟ್ ವಿಷಯ: ನರಕ್ಕೆ ಪೆಟ್ಟಾದರೂ ಅದರ ತುದಿ ಕಡೆಯ ಭಾಗ ಕೆಲವು ದಿನ ಕರೆಂಟ್ ಹರಿಸುತ್ತಲೇ ಇರುತ್ತದೆ. ಕಿತ್ತ ಗಿಡ ಒಂದೆರಡು ದಿನ ಹಸಿರಾಗಿರುವುದಿಲ್ಲವೇ, ಹಾಗೆ. ಸ್ನಾಯುವಿಗೆ ಸೂಜಿ ಹಾಕಿ ನೋಡುವ ಇಎಂಜಿ ಸರಿಯಾಗಿ ಹೇಳಬೇಕಾದರೆ ಮೂರು ನಾಲ್ಕು ವಾರ ಕಳೆದಿರಬೇಕು. ಐದನೇ ದಿನದ್ದರಿಂದ ನಿಮಗೆ ದೊಡ್ಡ ಉಪಯೋಗ ಇರಲಿಲ್ಲ, ಹೌದು. ಎರಡನೆಯದನ್ನು ಜೋಪಾನ ಮಾಡಿ, ಮುಂದಿನ ಟೆಸ್ಟ್ ಜೊತೆ ಹೋಲಿಸಲು ಬೇಕು.

ಎಡಗೈ ವಿಷಯ: ಖಂಡಿತ ಮಾಡಿ. ಒಂದು ಕೈಗೆ ಸಾಮು ಕೊಟ್ಟರೆ ಇನ್ನೊಂದಕ್ಕೂ ಸ್ವಲ್ಪ ಬಲ ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮಾಂಸ ಬೆಳೆಯುವುದಿಲ್ಲ. ಬಲ ಬರುವುದು ಮೆದುಳು ಕಲಿಯುವುದರಿಂದ. ನರದ ಎಳೆ ಬಂದು ಸೇರಿದಾಗ ಆ ಕಲಿಕೆ ಕೈಗೆ ಸಿಗುತ್ತದೆ. ಸೊಟ್ಟ ಆಗುವ ಚಿಂತೆ ಒಂದು ವರ್ಷ ಬಿಟ್ಟು ಮಾಡೋಣ.

ಧಾರವಾಡ ಪೇಡಾ · ನವೆಂಬರ್ 24

ನಂದು ಕೈ ಅಲ್ಲ, ಕಾಲು. ಆದರೂ ಹೇಳ್ತೀನಿ ನೋಡ್ರಿ, ಯಾರಿಗಾದರೂ ಉಪಯೋಗ ಆಗಬಹುದು.

ನಾಲ್ಕು ವರ್ಷದ ಹಿಂದೆ ಕಣಕಾಲು ಮುರಿದು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದರು. ಬಿಗಿ ಇದೆ, ಉರಿಯುತ್ತಿದೆ ಅಂತ ಎರಡು ದಿನ ಹೇಳಿದೆ. "ಸ್ವಲ್ಪ ಸಹಿಸಿಕೊಳ್ಳಿ ಅಕ್ಕಾರ" ಅಂದರು. ಬಿಚ್ಚಿದಾಗ ಪಾದ ಮೇಲಕ್ಕೆ ಏಳಲೇ ಇಲ್ಲ. ಮೊಣಕಾಲಿನ ಹೊರಮಗ್ಗುಲಲ್ಲಿ ಒಂದು ಸಣ್ಣ ಮೂಳೆ ಗುಬ್ಬಿ ಸಿಗುತ್ತದಲ್ಲ, ಅದರ ಹಿಂದೆ ಚರ್ಮದ ಕೆಳಗೇ ನರ ಹಾದು ಹೋಗುತ್ತದಂತೆ. ಪ್ಲಾಸ್ಟರ್ ಅಂಚು ಅಲ್ಲೇ ಒತ್ತಿತ್ತು. ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡುವವರಿಗೂ, ಕಾಲ ಮೇಲೆ ಕಾಲು ಹಾಕಿ ಕೂರುವವರಿಗೂ ಇದೇ ನರ ಹಿಡಿಯುತ್ತದೆ.

ಪಾದ ಏಳದಿದ್ದರೆ ಎಲ್ಲಕ್ಕಿಂತ ಮೊದಲು ಹೋಗುವುದು ಚಪ್ಪಲಿ. ನಡೆಯುವಾಗ ಕಳಚಿ ಬೀಳುತ್ತದೆ, ಬಿದ್ದದ್ದೂ ಗೊತ್ತಾಗುವುದಿಲ್ಲ. ಒಂದು ಸಲ ಮದುವೆ ಮನೆಯ ಪಂಕ್ತಿ ನಡುವೆ ನಂದು ಬಿಟ್ಟು ಬಂದಿದ್ದೆ.

ಜಿಮ್‌ಗೆ ವಾಪಸ್ ಬಂದಾಗ ಎಲ್ಲರೂ ಸ್ಕ್ವಾಟ್ ಬೇಡ ಅಂದರು. ನನ್ನ ಅನುಭವದಲ್ಲಿ ಸ್ಕ್ವಾಟ್‌ನಲ್ಲಿ ತೊಂದರೆ ಇರಲಿಲ್ಲ. ಬಾರ್ ಹೆಗಲ ಮೇಲೆ ಹೊತ್ತು ಸ್ಟ್ಯಾಂಡ್‌ನಿಂದ ಎರಡು ಹೆಜ್ಜೆ ಹಿಂದೆ ಇಡುತ್ತೇವಲ್ಲ, ಅಲ್ಲಿ. ಅದಕ್ಕಿಂತ ಜಾಸ್ತಿ, ಮುಗಿಸಿ ಸುಸ್ತಾಗಿ ಮುಂದಕ್ಕೆ ಬರುವಾಗ. ಬೆರಳ ತುದಿ ರಬ್ಬರ್ ಮ್ಯಾಟ್ ಅಂಚಿಗೆ ತಾಗಿ ಮುಗ್ಗರಿಸಿದೆ, 30 ಕೆಜಿ ಹೆಗಲ ಮೇಲೆ. ಪುಣ್ಯಕ್ಕೆ ಅಡ್ಡ ಕಂಬಿಗಳು ಹಿಡಿದವು. ಅವತ್ತಿನಿಂದ ಒಂದು ವರ್ಷ ಲೆಗ್ ಪ್ರೆಸ್ ಮಾತ್ರ, ಮತ್ತೆ ಡಂಬೆಲ್ ಹಿಡಿದು ಬೆಂಚ್ ಮೇಲೆ ಕೂತು ಏಳುವುದು. ಎತ್ತುವಾಗ ಆಗುವುದಕ್ಕಿಂತ ಎತ್ತುವ ಮೊದಲು, ಇಳಿಸಿದ ಮೇಲೆ ಏನಾಗುತ್ತದೆ ಅಂತ ಯೋಚನೆ ಮಾಡ್ರಿ.

ತುಂಗಾತೀರ · ನವೆಂಬರ್ 24

ಅಕ್ಕಾ, ಇದು ನನಗೂ ಬಂತು. ಹಿಡಿಯುವುದರ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ನನಗೆ ಬೆರಳು ಬಿಡಿಸಲು ಆಗದು, ಅಂದರೆ ಬಾರ್ ಬಿಡಲೂ ಆಗದು! ಬೆಂಚ್ ಪ್ರೆಸ್ ಮುಗಿಸಿ ಬಾರ್ ಇಟ್ಟ ಮೇಲೆ ಬಲಗೈ ಅಲ್ಲೇ ಅಂಟಿಕೊಂಡಿರುತ್ತದೆ. ಎಡಗೈಯಲ್ಲಿ ಬೆರಳು ಬಿಡಿಸಿಕೊಳ್ಳಬೇಕು.

ನರನಾಡಿ · ನವೆಂಬರ್ 25

ಇದಕ್ಕಾಗಿಯೇ ನನ್ನ ಪೇಷಂಟ್‌ಗಳಿಗೆ ಸ್ಮಿತ್ ಮಷೀನ್ (ಬಾರ್ ಎರಡು ಕಂಬಿಗಳ ನಡುವೆ ಮೇಲೆ ಕೆಳಗೆ ಜಾರುವ ಮಷೀನ್) ಬೇಡ ಅನ್ನುತ್ತೇನೆ. ಮಷೀನ್ ಅಂದರೆ ಸೇಫ್ ಅಂತ ಎಲ್ಲರೂ ಅದನ್ನೇ ತೋರಿಸುತ್ತಾರೆ. ಆದರೆ ಅದರ ಕೊಕ್ಕೆ ಬಿಡಿಸಲು, ಮತ್ತೆ ಸಿಕ್ಕಿಸಲು ಮಣಿಕಟ್ಟು ತಿರುಗಿಸಬೇಕು. ಮಣಿಕಟ್ಟು ಇಲ್ಲದವರಿಗೆ ಬೀಗ ಇದೆ, ಬೀಗದ ಕೈ ಇಲ್ಲ. ಕೂತು ಅಂಗೈಯಿಂದ ತಳ್ಳುವ ಚೆಸ್ಟ್ ಪ್ರೆಸ್ ಮಷೀನ್ ಒಳ್ಳೆಯದು. ಬಿಟ್ಟರೆ ತೂಕ ತಾನೇ ಕೆಳಗೆ ಕೂರುತ್ತದೆ, ಮೈಮೇಲೆ ಬರುವುದಿಲ್ಲ.

ಇನ್ನೂ ಕೆಲವು, ತಲೆಗೆ ಬಂದ ಹಾಗೆ:

ಅಂಗೈ ಮೇಲೆ ಮಾಡಿ ಕರ್ಲ್ (ಮೊಣಕೈ ಮಡಚಿ ತೂಕ ಎತ್ತುವುದು) ಮಾಡಿದರೆ ತೂಕವೇ ಮಣಿಕಟ್ಟನ್ನು ಹಿಂದಕ್ಕೆ ತಳ್ಳುತ್ತದೆ, ಅಂದರೆ ಜೋತು ಬೀಳುವ ದಿಕ್ಕಿಗೆ ವಿರುದ್ಧ. ಹಾಗಾಗಿ ಅದು ಈಗ ಸಾಧ್ಯ. ಅಂಗೈ ಕೆಳಗೆ ಮಾಡಿ ಎತ್ತುವುದೆಲ್ಲ ಆಮೇಲೆ.

ಆಸ್ಪತ್ರೆಯಲ್ಲಿ ಕೊಟ್ಟ ಮಣಿಕಟ್ಟಿನ ಸ್ಪ್ಲಿಂಟ್ ಬಿಸಾಡಬೇಡಿ. ಅದು ಮಣಿಕಟ್ಟನ್ನು ಎತ್ತಿ ಹಿಡಿದಾಗ ನಿಮ್ಮ ಹಿಡಿತ ಅಲ್ಲೇ ಎಷ್ಟೋ ವಾಪಸ್ ಬರುತ್ತದೆ. ಡಾಕ್ಟರು ಒಪ್ಪಿದರೆ ಸ್ಪ್ಲಿಂಟ್ ಹಾಕಿಕೊಂಡೇ ಸಣ್ಣ ತೂಕ ಎಳೆಯಿರಿ. ಜಿಮ್‌ನಲ್ಲಿ ಸಿಗುವ ಬಟ್ಟೆಯ ರ‍್ಯಾಪ್ ಇದಕ್ಕೆ ಸಾಲದು.

ಮಣಿಕಟ್ಟನ್ನು ಬಾರ್‌ಗೆ ಸುತ್ತಿ ಕಟ್ಟುವ ಸ್ಟ್ರಾಪ್ ಹಾಕಬಹುದು, ಆದರೆ ಎಚ್ಚರ. ಮಣಿಕಟ್ಟಿನ ಹೆಬ್ಬೆರಳ ಕಡೆ ಅಂಚಿನಲ್ಲಿ ರೇಡಿಯಲ್ ನರದ ಒಂದು ಕೊಂಬೆ ಚರ್ಮಕ್ಕೆ ತೀರಾ ಹತ್ತಿರ ಹೋಗುತ್ತದೆ. ಬಿಗಿ ವಾಚ್, ಬಿಗಿ ಬಳೆ, ಪೊಲೀಸರ ಬೇಡಿ ಕೂಡ ಅದನ್ನು ಒತ್ತುವುದುಂಟು. ಮೊದಲೇ ನೊಂದ ನರ. ಸ್ಟ್ರಾಪ್ ಅಗಲ ಇರಲಿ, ಹೆಬ್ಬೆರಳ ಬುಡ ಜುಮ್ ಅಂದರೆ ಬಿಚ್ಚಿ.

ಮಣಿಕಟ್ಟಿಗೆ ಮಾತ್ರ ಬೇರೆ ಲೆಕ್ಕ. ಸ್ನಾಯುವಿನ ಬಲವನ್ನು ನಾವು 0ಯಿಂದ 5ರವರೆಗೆ ಅಳೆಯುತ್ತೇವೆ. 1 ಅಂದರೆ ಅದುರು ಮಾತ್ರ. 2 ಅಂದರೆ ಮೇಜಿನ ಮೇಲೆ ಕೈ ಅಡ್ಡ ಇಟ್ಟಾಗ ಜಾರುತ್ತಾ ಅಲುಗುವುದು. 3 ಅಂದರೆ ತನ್ನದೇ ಭಾರ ಎತ್ತುವುದು. 4 ಅಂದರೆ ಸ್ವಲ್ಪ ಎದುರು ಒತ್ತಿದರೂ ನಿಲ್ಲುವುದು. ನಿಮ್ಮದು 3ರ ಹೊಸ್ತಿಲು. 3ರಲ್ಲಿರುವ ಸ್ನಾಯುವಿಗೆ ಅದರ ಕೈಯೇ ತೂಕ, ಡಂಬೆಲ್ ಬೇಡ. ನಾಲ್ಕು ಸಲ ಎತ್ತಿ, ನಿಲ್ಲಿಸಿ, ನೀರು ಕುಡಿದು ಮತ್ತೆ ನಾಲ್ಕು. ಐದನೆಯದು ಮೊದಲನೆಯದಕ್ಕಿಂತ ಗಿಡ್ಡ ಆದರೆ ಅವತ್ತಿಗೆ ಮುಗಿಯಿತು. ಮಾರನೇ ದಿನ ಬೆಳಗ್ಗೆ ಹಿಂದಿನ ದಿನಕ್ಕಿಂತ ಕಡಿಮೆ ಏಳುತ್ತಿದೆ ಅಂದರೆ ನಿನ್ನೆ ಜಾಸ್ತಿ ಮಾಡಿದ್ದೀರಿ.

ಗರಡಿ ಮಟ್ಟಿ · ನವೆಂಬರ್ 26

ಮೈಸೂರಿನ ನಾನು. ವಯಸ್ಸು 61. ಚಿಕ್ಕಂದಿನಲ್ಲಿ ಗರಡಿಯಲ್ಲಿ ಸಾಮು ಮಾಡಿದವನು. ನಮ್ಮ ಉಸ್ತಾದರು ಪೆಟ್ಟು ತಿಂದು ವಾಪಸ್ ಬಂದ ಹುಡುಗರಿಗೆ ಒಂದು ತಿಂಗಳು ಮಟ್ಟಿ ಅಗೆಯುವ ಕೆಲಸ ಮಾತ್ರ ಕೊಡುತ್ತಿದ್ದರು. ಕುಸ್ತಿ ಕೇಳಿದರೆ ಬೈಗುಳ. ಆಗ ಅದು ಶಿಕ್ಷೆ ಅನ್ನಿಸುತ್ತಿತ್ತು.

ಮಗು, ನಿನಗೆ ದಂಡೆ ಹೊಡೆಯಲು ಆಗುತ್ತದೆಯೋ ನೋಡು. ನೆಲಕ್ಕೆ ಅಂಗೈ ಊರಿದರೆ ಮಣಿಕಟ್ಟನ್ನು ನೆಲವೇ ಹಿಂದಕ್ಕೆ ಬಗ್ಗಿಸಿಕೊಡುತ್ತದೆ. ಮೊದಲು ಗೋಡೆಗೆ, ಆಮೇಲೆ ಮಂಚದ ಅಂಚಿಗೆ, ಆಮೇಲೆ ನೆಲಕ್ಕೆ. ಬಸ್ಕಿಗಂತೂ ಕೈಯೇ ಬೇಡ. ಗದೆ ಮಾತ್ರ ಮುಟ್ಟಬೇಡ. ಕೈ ತಪ್ಪಿದರೆ ಹಿಂದೆ ನಿಂತವನ ಗತಿ ಏನು?

ನರನಾಡಿ · ನವೆಂಬರ್ 26

ಹಿರಿಯರು ಹೇಳಿದ್ದು ಸರಿ ಇದೆ. ತೋಳಿನ ಹಿಂದಿನ ಸ್ನಾಯು ಟ್ರೈಸೆಪ್ಸ್‌ಗೂ ರೇಡಿಯಲ್ ನರವೇ, ಆದರೆ ಅದರ ಕೊಂಬೆಗಳು ಮೇಲೆಯೇ ಒಡೆಯುತ್ತವೆ. ನಡು ಮೂಳೆ ಮುರಿದಾಗ ಸಾಮಾನ್ಯವಾಗಿ ಅದು ಉಳಿದುಕೊಳ್ಳುತ್ತದೆ. ಮೂಳೆ ಗಟ್ಟಿ ಅಂತ ಡಾಕ್ಟರು ಹೇಳಿದ್ದಾರಲ್ಲ, ಗೋಡೆ ದಂಡೆಯಿಂದ ಶುರು ಮಾಡಬಹುದು.

ಮಸ್ಕತ್ ಕನ್ನಡಿಗ · ನವೆಂಬರ್ 28

ನನ್ನ ಕಥೆ ಕುತ್ತಿಗೆಯದು. ಡಿಸ್ಕ್ ಸರಿದು ಎಡಗೈಗೆ ಹೋಗುವ ನರದ ಬೇರು ಒತ್ತಿಕೊಂಡಿತ್ತು. ನಡು ಬೆರಳು ಜೋಮು, ಟ್ರೈಸೆಪ್ಸ್ ಸತ್ತ ಹಾಗೆ. ಒಂದು ದಿನ ಬೆಂಚ್‌ನಲ್ಲಿ ಬಾರ್ ಎಡಕ್ಕೆ ತಕ್ಕಡಿ ಹಾಗೆ ವಾಲಿತು. ಅಲ್ಲಿಯವರೆಗೆ ನೋವು ಇದೆ, ಅಷ್ಟೇ ಅಂದುಕೊಂಡಿದ್ದೆ.

ಅಮೆರಿಕನ್ ಫುಟ್‌ಬಾಲ್ ಆಟಗಾರ ಪೇಟನ್ ಮ್ಯಾನಿಂಗ್‌ಗೂ ಕುತ್ತಿಗೆಯ ನರದಿಂದಲೇ ಎಸೆಯುವ ತೋಳಿನ ಬಲ ಹೋಗಿತ್ತು. 2011ರ ಇಡೀ ಸೀಸನ್ ಆಡಲಿಲ್ಲ, 2012ರಲ್ಲಿ ಬೇರೆ ತಂಡಕ್ಕೆ ಹೋಗಿ ಆಡಿದ. ಅದನ್ನು ಓದಿ ಓದಿ ಧೈರ್ಯ ತಗೊಂಡೆ. ಅವನ ಜೊತೆ ಎಷ್ಟು ಜನ ಥೆರಪಿಸ್ಟ್‌ಗಳಿದ್ದರು, ನನ್ನ ಜೊತೆ ಯೂಟ್ಯೂಬ್ ಇತ್ತು, ಅದು ಬೇರೆ ಮಾತು.

ನನಗೆ ಆಪರೇಷನ್ ಆಗಲಿಲ್ಲ. ನೋವು ಎಂಟು ವಾರಕ್ಕೆ ಇಳಿಯಿತು, ಬಲಕ್ಕೆ ಏಳು ತಿಂಗಳು ಹಿಡಿಯಿತು. ಇಲ್ಲಿ ತಪ್ಪು ಮಾಡಿದೆ. ನೋವು ಹೋಯಿತು ಅಂದರೆ ನರ ಸರಿಹೋಯಿತು ಅಂದುಕೊಂಡು ಬಾರ್ ಹಿಡಿದೆ. ಬಾರ್ ಒಂದೇ ಇದ್ದರೆ ಗಟ್ಟಿ ಕೈ ಸದ್ದಿಲ್ಲದೆ ಎಲ್ಲ ಹೊತ್ತುಕೊಳ್ಳುತ್ತದೆ. ಆಮೇಲೆ ಡಂಬೆಲ್‌ಗೆ ಬದಲಾಯಿಸಿದೆ. ಮೊದಲು ಸೋತ ಕೈ, ಅದು ಎಷ್ಟು ಸಲ ಮಾಡಿತೋ ಒಳ್ಳೆಯ ಕೈಯೂ ಅಷ್ಟೇ ಸಲ. ಬಲಗೈಗೆ ಏನೂ ಅನ್ನಿಸುತ್ತಿರಲಿಲ್ಲ, 6 ಕೆಜಿ ಎತ್ತಿ ಆಕಳಿಸುತ್ತಿತ್ತು. ಅಹಂಕಾರ ಇಳಿಯಲು ಒಳ್ಳೆಯ ಔಷಧಿ.

ಕಬ್ಬಿಣದ ಕಡಲೆ · ನವೆಂಬರ್ 28

ಒಪ್ಪಲ್ಲ. ಏಳು ತಿಂಗಳು ಒಳ್ಳೆಯ ಕೈಯನ್ನೂ 6 ಕೆಜಿಯಲ್ಲಿ ಕೂರಿಸಿದರೆ ಎರಡೂ ಹೋಯಿತು. ಮೇಡಂ ಈಗತಾನೆ ಒಳ್ಳೆಯ ಕೈಗೆ ಕೆಲಸ ಕೊಟ್ಟರೆ ಇನ್ನೊಂದಕ್ಕೂ ಲಾಭ ಅಂದರಲ್ಲ?

ಮಸ್ಕತ್ ಕನ್ನಡಿಗ · ನವೆಂಬರ್ 29

ಅದೂ ಸರಿ. ನನಗೆ ಗೊತ್ತಿರಲಿಲ್ಲ. ಈಗ ಶುರು ಮಾಡುವುದಾದರೆ ಎರಡು ಕೈ ಒಟ್ಟಿಗೆ ಎತ್ತುವಾಗ ಸೋತ ಕೈ ಲೆಕ್ಕ, ಒಂಟಿ ಕೈಯಲ್ಲಿ ಮಾಡುವಾಗ ಅದರದರ ಲೆಕ್ಕ ಅಂತ ಇಟ್ಟುಕೊಳ್ಳುತ್ತಿದ್ದೆ.

ಕುತ್ತಿಗೆ, ಬೆನ್ನಿನವರಿಗೆ ಒಂದು ಮಾತು ಬರೆದೇ ಬಿಡುತ್ತೇನೆ. ಎರಡೂ ಕಾಲು ಸೋಲುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗ ಜೋಮು ಹಿಡಿಯುವುದು. ಇದರಲ್ಲಿ ಒಂದು ಕಂಡರೂ ಇಲ್ಲಿ ಪ್ರಶ್ನೆ ಕೇಳುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ತುಂಗಾತೀರ · ಡಿಸೆಂಬರ್ 2

ಪಕ್ಕದ ಮನೆಯವರು "ನರದ ಮಾತ್ರೆ" ಅಂತ ಬಿ12 ಕೊಟ್ಟಿದ್ದಾರೆ. ಅಮ್ಮ ಒಬ್ಬರ ಹತ್ತಿರ ಎಣ್ಣೆ ನೀವಿಸಲು ಕರೆದುಕೊಂಡು ಹೋಗ್ತೀನಿ ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?

ನರನಾಡಿ · ಡಿಸೆಂಬರ್ 2

ಬಿ12 ರಕ್ತ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಕಡಿಮೆ ಇರುವುದು ಸಾಮಾನ್ಯ, ಇದ್ದರೆ ತುಂಬಿಸಲೇಬೇಕು. ಸಕ್ಕರೆಯನ್ನೂ ನೋಡಿಸಿ, ಸಕ್ಕರೆ ಕಾಯಿಲೆ ನರವನ್ನು ತಿನ್ನುತ್ತದೆ. ಎರಡೂ ಸರಿ ಇದ್ದರೆ ಮಾತ್ರೆ ನುಂಗಿದ್ದಕ್ಕೆ ಬಸ್ಸು ಓಡುತ್ತದೆ ಅಂತ ನಂಬಬೇಡಿ.

ಎಣ್ಣೆ ಬಗ್ಗೆ: ಅಮ್ಮನ ಕೈಯಲ್ಲೇ ಬೆಚ್ಚಗೆ ಮೃದುವಾಗಿ ಹಚ್ಚಿಸಿಕೊಳ್ಳಿ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಂದಕ್ಕೆ ಬಾಗಿಸಲು ಹೇಳಿ. ಕೀಲು ಬಿಗಿಯದೆ ಇರಲು ಅದು ಬೇಕೇ ಬೇಕು. ಬಸ್ಸು ಬರುವ ಹೊತ್ತಿಗೆ ರಸ್ತೆ ಮುಚ್ಚಿರಬಾರದು. ಆದರೆ ಪ್ಲೇಟ್ ಇರುವ ತೋಳನ್ನು ಯಾರೂ ಗಟ್ಟಿಯಾಗಿ ಒತ್ತಿ ನೀವಬಾರದು, ಎಳೆಯಬಾರದು. ಮರಗಟ್ಟಿದ ಜಾಗಕ್ಕೆ ಬಿಸಿ ಶಾಖ ಕೊಡುವಾಗಲೂ ಹುಷಾರು. ಸುಟ್ಟರೂ ಗೊತ್ತಾಗುವುದಿಲ್ಲ.

ಕೋಚ್‌ಗಿಂತ ಚಹಾ · ಡಿಸೆಂಬರ್ 9

ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಬೇಕು ಅನ್ನಿಸಿತು. ಎಲ್ಲರ ಬಸ್ಸೂ ಊರು ಸೇರುವುದಿಲ್ಲ. ನನ್ನದೂ ರೇಡಿಯಲ್ ನರ, ಆದರೆ ತುಂಡಾಗಿತ್ತು. ಹೊಲಿದರು, ಬರಲಿಲ್ಲ. "ಕಾಯಿರಿ ಕಾಯಿರಿ" ಅಂತ ಒಂದು ಕಡೆ ಹದಿನಾಲ್ಕು ತಿಂಗಳು ಕೂರಿಸಿದರು. ಆಮೇಲೆ ಬೇರೆ ಊರಿನ ಕೈ ಸರ್ಜನ್ ಹೇಳಿದರು: ನರ ಸಿಗದ ಸ್ನಾಯು ಹನ್ನೆರಡರಿಂದ ಹದಿನೆಂಟು ತಿಂಗಳು ಆಗುವಷ್ಟರಲ್ಲಿ ಕೆಟ್ಟು ಹೋಗುತ್ತದೆ, ಆಮೇಲೆ ನರ ಬಂದರೂ ಹಿಡಿಯುವುದಿಲ್ಲ.

ನನಗೆ ಟೆಂಡನ್ (ಸ್ನಾಯುವಿನ ಹಗ್ಗ) ಬದಲಾವಣೆ ಮಾಡಿದರು. ಅಂಗೈ ಕೆಳಗೆ ತಿರುಗಿಸುವ ಸ್ನಾಯುವನ್ನು ಮಣಿಕಟ್ಟು ಎತ್ತಲು ಜೋಡಿಸಿದರು. ಮಣಿಕಟ್ಟು ಮಡಚುವ ಒಂದನ್ನು ಬೆರಳು ಬಿಡಿಸಲು. ಮುಂಗೈ ನಡುವೆ ಎದ್ದು ಕಾಣುವ ಒಂದು ತೆಳು ಹಗ್ಗವನ್ನು ಹೆಬ್ಬೆರಳಿಗೆ (ಈ ಹಗ್ಗ ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲವಂತೆ, ನನಗೆ ಇತ್ತು). ಮೊದಮೊದಲು ವಿಚಿತ್ರ. ಮಣಿಕಟ್ಟು ಎತ್ತಬೇಕಾದರೆ ಬೀಗ ತಿರುಗಿಸುವ ಹಾಗೆ ಯೋಚಿಸಬೇಕಿತ್ತು. ಈಗ ಯೋಚನೆ ಬೇಡ, ತಾನಾಗಿ ಬರುತ್ತದೆ.

ಈಗ ಜಿಮ್‌ನಲ್ಲಿ ಎರಡು ವರ್ಷ. 70 ಕೆಜಿ ಡೆಡ್‌ಲಿಫ್ಟ್, ಸ್ಟ್ರಾಪ್ ಇಲ್ಲದೆ. ಅಂಗೈ ಕೆಳಗೆ ಮಾಡಿ ಎಳೆಯುವಾಗ ಮುಂಗೈ ಬೇಗ ಸೋಲುತ್ತದೆ, ಅದು ಹಾಗೇ ಇರುತ್ತದೆ. ತುಂಗಾತೀರ, ನಿಮ್ಮದು ಬರುತ್ತಿದೆ, ಹಾಗಾಗಿ ನಿಮಗೆ ಇದು ಬೇಡ. ಆರು ತಿಂಗಳಾದರೂ ಒಂದು ಅದುರೂ ಕಾಣದವರು ಯಾರಾದರೂ ಓದುತ್ತಿದ್ದರೆ, ಕೈ ಸರ್ಜನ್ ಹತ್ತಿರ ಹೋಗಿ. ಕಾಯುವುದಕ್ಕೂ ಗಡುವು ಇದೆ.

ಧಾರವಾಡ ಪೇಡಾ · ಡಿಸೆಂಬರ್ 9

ಇದನ್ನು ಮೇಲೆ ಪಿನ್ ಮಾಡ್ರಿ ಯಾರಾದರೂ.

ತುಂಗಾತೀರ · ಜನವರಿ 19

ಸಂಕ್ರಾಂತಿ ಎಳ್ಳು ಬೀರುವ ಗಲಾಟೆಯಲ್ಲಿ ಬರೆಯಲು ಆಗಲಿಲ್ಲ. ಬಸ್ಸು ಗಾಜನೂರು ದಾಟಿದೆ, ಮಂಡಗದ್ದೆ ಹತ್ತಿರ! ಬೆರಳು ಬುಡದಿಂದ ಸ್ವಲ್ಪ ಬಿಚ್ಚುತ್ತಿದೆ. ಬಿ12 ಕಡಿಮೆ ಇತ್ತು, ತಗೊಳ್ಳುತ್ತಿದ್ದೇನೆ. ಅಮ್ಮ ದಿನಾ ರಾತ್ರಿ ಬೆರಳು ಬಿಡಿಸುತ್ತಾರೆ, ಬಿಡಿಸುವಾಗ ಧಾರಾವಾಹಿ ನೋಡುತ್ತಾರೆ. ಜಾಹೀರಾತು ಬಂದಾಗ ಮಾತ್ರ ಎಳೆತ ಜೋರು.

ಹಳೆಯ ನೋಟ್‌ಬುಕ್ ಕಪಾಟಿನ ಮೇಲೆ ಹಾಕಿದೆ. 140, 85 ಅಂತ ನೋಡಿದಾಗೆಲ್ಲ ಅವತ್ತು ಜಾಸ್ತಿ ಎತ್ತಿ ಮಾರನೇ ದಿನ ಅನುಭವಿಸುತ್ತಿದ್ದೆ. ಹೊಸ ನೋಟ್‌ಬುಕ್‌ನಲ್ಲಿ ಕೆಜಿ ಒಂದು ಕಾಲಂ ಮಾತ್ರ. ಉಳಿದವು: ಮಣಿಕಟ್ಟು ಪೂರ್ತಿ ಎಷ್ಟು ಸಲ ಎದ್ದಿತು, ಮಾರನೇ ಬೆಳಗ್ಗೆ ಎಷ್ಟು ಸಲ, ಅಂಗಿ ಗುಂಡಿ ಎಷ್ಟು ಹಾಕಿದೆ. ನವೆಂಬರ್‌ನಲ್ಲಿ ಮಣಿಕಟ್ಟು 4 ಸಲ, ನಿನ್ನೆ 19.

ಡೆಡ್‌ಲಿಫ್ಟ್ ಸ್ಪ್ಲಿಂಟ್ ಹಾಕಿ 40 ಕೆಜಿ, ಸ್ಟ್ರಾಪ್ ಇಲ್ಲದೆ. ಲೆಗ್ ಪ್ರೆಸ್ ಹಳೆಯದಕ್ಕಿಂತ ಜಾಸ್ತಿ ಆಗಿದೆ, ಕಡಲೆ ಅಣ್ಣನ ಪುಣ್ಯ. ಗೋಡೆ ದಂಡೆ ಮುಗಿಸಿ ಮಂಚದ ಅಂಚಿಗೆ ಬಂದಿದ್ದೇನೆ ಹಿರಿಯರೇ.

ಒಂದು ತಪ್ಪೂ ಆಯಿತು. ಹೊಸ ವರ್ಷದ ಹುರುಪಿನಲ್ಲಿ ಸ್ಪ್ಲಿಂಟ್ ಇಲ್ಲದೆ, ತಲೆ ಮೇಲಿನ ಬಾರ್ ಕೆಳಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಮಾಡಿದೆ. ಮೂರು ದಿನ ಮಣಿಕಟ್ಟು 15ರಿಂದ 8ಕ್ಕೆ ಇಳಿಯಿತು. ಮೂರೂ ರಾತ್ರಿ ನಿದ್ದೆ ಬರಲಿಲ್ಲ, ಎಲ್ಲ ಹೋಯಿತು ಅಂತ. ನಾಲ್ಕನೇ ದಿನ ವಾಪಸ್ ಬಂತು.

ಕಬ್ಬಿಣದ ಕಡಲೆ · ಜನವರಿ 19

ಅಂಗಿ ಗುಂಡಿಗೆ ಕಾಲಂ! ನಾನು ನೋಡಿದ ಜಿಮ್ ಡೈರಿಗಳಲ್ಲೇ ಇದು ಮೊದಲು. ಗುರು, ಟೀ ಶರ್ಟ್ ಹಾಕು, ಸೆಟ್ ಉಳಿಯುತ್ತದೆ.

ನರನಾಡಿ · ಜನವರಿ 20

ಟೀ ಶರ್ಟ್ ಬೇಡ. ಗುಂಡಿ ಬಿಡಬೇಡಿ.

ಗರಡಿ ಮಟ್ಟಿ · ಜನವರಿ 20

ಮಂಚದ ಅಂಚಿನಲ್ಲಿ ಆತುರ ಬೇಡ. ಗೋಡೆಯಲ್ಲಿ ಎಷ್ಟು ದಿನ ಇದ್ದೆಯೋ ಅಲ್ಲೂ ಅಷ್ಟು ದಿನ ಇರು.

ತುಂಗಾತೀರ · ಏಪ್ರಿಲ್ 27

👍

ಇದನ್ನು ಮೊಬೈಲ್‌ನಲ್ಲಿ ಒತ್ತಿದ್ದಲ್ಲ ಅಂದುಕೊಳ್ಳಿ. ನಿನ್ನೆ ಅಡಿಗೆ ಮನೆಯಲ್ಲಿ ಅಮ್ಮ ಸಾರಿಗೆ ಉಪ್ಪು ಸಾಕಾ ಅಂತ ಕೇಳಿದರು. ಬಾಯಿ ತುಂಬ ಅನ್ನ ಇತ್ತು. ಕೈ ಎತ್ತಿದೆ, ಹೆಬ್ಬೆರಳು ತಾನೇ ನಿಂತಿತು. ಅಮ್ಮ ಸೌಟು ಕೆಳಗೆ ಹಾಕಿದರು. ಉಪ್ಪು ಜಾಸ್ತಿಯೇ ಇತ್ತು, ಆದರೆ ಆ ಹೊತ್ತಿನಲ್ಲಿ ಹೇಳುವ ಹಾಗಿರಲಿಲ್ಲ.

ಡೆಡ್‌ಲಿಫ್ಟ್ 75, ಸ್ಪ್ಲಿಂಟ್ ಇಲ್ಲದೆ. ಮುಂದಿನ ವಾರ 80 ಹಾಕಲಾ?

ನರನಾಡಿ · ಏಪ್ರಿಲ್ 27

ತೀರ್ಥಹಳ್ಳಿ! ಇವತ್ತು ಕ್ಲಿನಿಕ್‌ನಲ್ಲಿ ಇದನ್ನು ಮೂರು ಜನರಿಗೆ ಓದಿ ಹೇಳಿದೆ.

80ರ ಉತ್ತರ ನಾಳೆ ಬೆಳಗ್ಗೆ ಸಿಗುತ್ತದೆ. 75 ಎತ್ತಿದ ಮಾರನೇ ದಿನ ಮಣಿಕಟ್ಟು ಎಷ್ಟು ಸಲ ಎದ್ದಿತು, ಅದನ್ನು ಬರೆದಿಲ್ಲ ನೀವು.

ತುಂಗಾತೀರ · ಏಪ್ರಿಲ್ 28

ಎಣಿಸಿದೆ. 31 ಸಲ ಏಳುತ್ತಿದ್ದದ್ದು 26ಕ್ಕೆ ಇಳಿದಿದೆ. ಸರಿ, 75ರಲ್ಲೇ ಇರುತ್ತೇನೆ.